ಪೊಲೀಸ್ ದೌರ್ಜನ್ಯ ಮತ್ತು ಉತ್ತರದಾಯಿತ್ವ (ಭಾರತ)

ಕಾನೂನು ಕೊಟ್ಟ ಅಧಿಕಾರವನ್ನು ಪೊಲೀಸರು ಕಾನೂನು ಮೀರಿ ಬಳಸುವುದಕ್ಕೆ ಪೊಲೀಸ್ ದೌರ್ಜನ್ಯ ಎನ್ನುತ್ತಾರೆ. ಲಾಕಪ್ ಸಾವು, ಚಿತ್ರಹಿಂಸೆ, ನಕಲಿ ಎನ್‌ಕೌಂಟರ್, ಠಾಣೆಯೊಳಗಿನ ಅತ್ಯಾಚಾರ ಇವು ಎದ್ದು ಕಾಣುವ ರೂಪಗಳು. ಕಣ್ಣಿಗೆ ಬೀಳದವು ಇನ್ನೂ ಹೆಚ್ಚು. ದೂರು ತೆಗೆದುಕೊಳ್ಳದೆ ‘ನಾಳೆ ಬಾ’ ಎನ್ನುವುದು, ಎಫ್‌ಐಆರ್ ಬದಲು ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುವುದು, ಜಮೀನಿನ ವ್ಯಾಜ್ಯಕ್ಕೆ ಠಾಣೆಯಲ್ಲೇ ಪಂಚಾಯ್ತಿ ಮಾಡಿ ಮುಗಿಸುವುದು, ‘ಸುಮ್ಮನೆ ವಿಚಾರಣೆಗೆ’ ಎಂದು ಕರೆದೊಯ್ದು ಮೂರು ದಿನ ಬೆಂಚಿನ ಮೇಲೆ ಕೂರಿಸುವುದು, ಇವೆಲ್ಲ ದೌರ್ಜನ್ಯವೇ. ಕೋರ್ಟಿನ ಮೆಟ್ಟಿಲು ಹತ್ತುವುದು ಮೊದಲ ಪಟ್ಟಿಯ ಕೆಲವು ಪ್ರಕರಣಗಳು ಮಾತ್ರ. ಎರಡನೆಯ ಪಟ್ಟಿಯವು ಸಾಮಾನ್ಯವಾಗಿ ಠಾಣೆಯ ಹೊಸ್ತಿಲಲ್ಲೇ ಮುಗಿಯುತ್ತವೆ.

ಇದಕ್ಕೆ ಎದುರಾಗಿ ಜನ ಕೇಳುತ್ತ ಬಂದಿರುವುದು ಉತ್ತರದಾಯಿತ್ವ. ಭಾರತದಲ್ಲಿ ಈ ಬೇಡಿಕೆಯ ಇತಿಹಾಸವನ್ನು ಓದುತ್ತ ಹೋದರೆ ಜಗಳ ಲಾಠಿಯ ಸುತ್ತ ನಡೆದಷ್ಟೇ ಪುಸ್ತಕದ ಸುತ್ತಲೂ ನಡೆದಿರುವುದು ಕಾಣುತ್ತದೆ. ಠಾಣೆಯ ದಿನಚರಿ ಬರೆಯುವವರು ಪೊಲೀಸರು, ಬಂಧನದ ಹೊತ್ತನ್ನು ನಮೂದಿಸುವವರು ಪೊಲೀಸರು, ಮಹಜರಿಗೆ ಪಂಚರನ್ನು ಕರೆತರುವವರೂ ಪೊಲೀಸರು. ಒಳಗೆ ಏನಾಯಿತು ಎಂದು ಹೊರಗಿನವರು ಕೇಳುವ ಹೊತ್ತಿಗೆ ಉತ್ತರ ಬರೆದಾಗಿರುತ್ತದೆ. ಆ ಬರಹವನ್ನು ಪೊಲೀಸರ ಕೈಯಿಂದ ಅಷ್ಟಿಷ್ಟಾದರೂ ಬಿಡಿಸಿಕೊಳ್ಳುವುದೇ ಇಲ್ಲಿನ ಬಹುಪಾಲು ಸುಧಾರಣೆಗಳ ಉದ್ದೇಶವಾಗಿತ್ತು.

ಮದರಾಸಿನ ವರದಿ, ಐರ್ಲೆಂಡಿನ ಅಚ್ಚು

ಸರ್ಕಾರವೇ ನೇಮಿಸಿದ ಮೊದಮೊದಲ ದೊಡ್ಡ ವಿಚಾರಣೆಗಳಲ್ಲಿ ಒಂದು ಮದರಾಸ್ ಪ್ರಾಂತದಲ್ಲಿ ನಡೆಯಿತು. ರೈತರಿಂದ ಕಂದಾಯ ವಸೂಲು ಮಾಡಲು ಚಿತ್ರಹಿಂಸೆ ನಡೆಯುತ್ತಿದೆ ಎಂಬ ಮಾತು ಬ್ರಿಟಿಷ್ ಸಂಸತ್ತಿನಲ್ಲಿ ಎದ್ದ ಮೇಲೆ ಎಲಿಯಟ್, ಸ್ಟೋಕ್ಸ್ ಮತ್ತು ನಾರ್ಟನ್ ಎಂಬ ಮೂವರ ಆಯೋಗ ಕುಳಿತು 1855ರಲ್ಲಿ ವರದಿ ಕೊಟ್ಟಿತು. ಆಗ ಬಳ್ಳಾರಿಯೂ ಕನ್ನಡ ಕರಾವಳಿಯೂ ಅದೇ ಪ್ರಾಂತದಲ್ಲಿದ್ದವು. ದೂರು ಹೇಳಿಕೊಳ್ಳಲು ದೂರದ ಜಿಲ್ಲೆಗಳಿಂದ ಜನ ಮದರಾಸಿನವರೆಗೆ ನಡೆದು ಬಂದರು. ಬೆರಳುಗಳನ್ನು ಮರದ ಇಕ್ಕಳಕ್ಕೆ ಕೊಟ್ಟು ಹಿಸುಕುವ ‘ಕಿಟ್ಟಿ’, ಮೈಯನ್ನು ಬಾಗಿಸಿ ಹಗ್ಗದಲ್ಲಿ ಬಿಗಿದು ಬಿಸಿಲಿನಲ್ಲಿ ನಿಲ್ಲಿಸುವುದು ಮೊದಲಾದ ಕ್ರಮಗಳನ್ನು ವರದಿ ಒಂದೊಂದಾಗಿ ದಾಖಲಿಸಿತು. ಕಂದಾಯ ಎತ್ತುವವನೂ ಕಳ್ಳನನ್ನು ಹಿಡಿಯುವವನೂ ಒಬ್ಬನೇ ತಹಶೀಲ್ದಾರನಾಗಿರುವುದು ಇದರ ಬೇರು ಎಂದಿತು. ಆದರೆ ಯುರೋಪಿಯನ್ ಅಧಿಕಾರಿಗಳಿಗೆ ಇದರಲ್ಲಿ ಪಾಲಿಲ್ಲ, ತಪ್ಪೆಲ್ಲ ಕೆಳಗಿನ ದೇಶೀ ನೌಕರರದು ಎಂಬ ತೀರ್ಮಾನಕ್ಕೂ ಬಂತು. ಮೇಲಿನವರು ನಿರ್ದೋಷಿಗಳು, ಪೇದೆ ಮಾತ್ರ ಅಪರಾಧಿ ಎನ್ನುವ ಈ ಲೆಕ್ಕಾಚಾರಕ್ಕೆ ಆಗಲೇ ಮೊಹರು ಬಿತ್ತು. ಎರಡು ವರ್ಷದ ನಂತರ ಕಾರ್ಲ್ ಮಾರ್ಕ್ಸ್ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಈ ವರದಿಯನ್ನು ಆಧರಿಸಿ ಲೇಖನ ಬರೆದರು.

1857ರ ದಂಗೆ ಅಡಗಿದ ಬೆನ್ನಿಗೇ ಬಂದದ್ದು 1861ರ ಪೊಲೀಸ್ ಕಾಯ್ದೆ. ಅದರ ಅಚ್ಚು ಐರ್ಲೆಂಡಿನ ಕಾನ್‌ಸ್ಟ್ಯಾಬ್ಯುಲರಿಯದು. ಊರಿನ ಜನರಿಗೆ ಉತ್ತರ ಹೇಳುವ ಲಂಡನ್ನಿನ ಪೊಲೀಸ್ ಮಾದರಿ ಅಲ್ಲ, ಆಳುವವರಿಗೆ ಉತ್ತರ ಹೇಳುವ ಸಶಸ್ತ್ರ ದಳದ ಮಾದರಿ. ಪೊಲೀಸರ ಮೇಲ್ವಿಚಾರಣೆ ಸರ್ಕಾರದ್ದು ಎಂದು ಕಾಯ್ದೆ ಬರೆದಿಟ್ಟಿತು. ಸ್ವಾತಂತ್ರ್ಯಾನಂತರ ರಾಜ್ಯಗಳು ತಮ್ಮದೇ ಕಾಯ್ದೆ ಮಾಡಿಕೊಂಡಾಗಲೂ (ಕರ್ನಾಟಕದ್ದು 1963ರದು) ಆ ಮೂಲ ಸಂಬಂಧ ಹಾಗೆಯೇ ಉಳಿಯಿತು.

ಅದೇ 1861ರಲ್ಲಿ ಬಂದ ದಂಡ ಪ್ರಕ್ರಿಯಾ ಸಂಹಿತೆ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂದಿತು. ಒಂದು ಕೈಯಲ್ಲಿ ಅಧಿಕಾರ ಕೊಟ್ಟ ಸರ್ಕಾರ ಇನ್ನೊಂದು ಕೈಯಲ್ಲಿ ‘ನಿಮ್ಮ ಮಾತನ್ನು ನಾವೇ ನಂಬುವುದಿಲ್ಲ’ ಎಂದು ಬರೆದುಕೊಟ್ಟಂತಾಯಿತು. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಆಗಿ ಹೆಸರಾದ ಆ ನಿಯಮ ಇಂದಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿ ಮುಂದುವರಿದಿದೆ. ಆದರೆ ಆರೋಪಿ ಕೊಟ್ಟ ಮಾಹಿತಿಯಿಂದ ಯಾವುದಾದರೂ ವಸ್ತು ಸಿಕ್ಕರೆ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ ಎಂಬ ವಿನಾಯಿತಿಯೂ ಅದರ ಜೊತೆಗಿದೆ. ‘ಆರೋಪಿ ತೋರಿಸಿಕೊಟ್ಟ ಪೊದೆಯಿಂದ ಪಂಚರ ಸಮಕ್ಷಮ ಮಚ್ಚು ವಶಪಡಿಸಿಕೊಳ್ಳಲಾಯಿತು’ ಎಂಬ ಸಾಲು ಸಾವಿರಾರು ಚಾರ್ಜ್‌ಶೀಟುಗಳಲ್ಲಿ ಕಾಣುವುದು ಇದರಿಂದ. ಲಾಠಿಗೆ ಕಾನೂನಿನ ಬಾಗಿಲು ಮುಚ್ಚಿದ್ದರೂ ಈ ಕಿಟಕಿ ತೆರೆದೇ ಇದೆ.

1902–03ರ ಫ್ರೇಜರ್ ಆಯೋಗ ಪೊಲೀಸ್ ಪಡೆಯನ್ನು ಭ್ರಷ್ಟವೆಂದೂ ಪೀಡಕವೆಂದೂ ಜನ ಭಾವಿಸುತ್ತಾರೆಂದು ನೇರವಾಗಿಯೇ ಬರೆಯಿತು. 

ಸಂಸ್ಥಾನಗಳಲ್ಲಿ ಪರಿಸ್ಥಿತಿ ಬೇರೆಯಿತ್ತೆಂದು ಭಾವಿಸಬೇಕಿಲ್ಲ. 1938ರ ಏಪ್ರಿಲ್ 25ರಂದು ಮೈಸೂರು ಸಂಸ್ಥಾನದ ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜಾರೋಹಣಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗೋಲಿಬಾರ್ ಮಾಡಿದರು. ಸತ್ತವರು ಹತ್ತು ಎಂದಿತು ಸರ್ಕಾರ. ಜನರ ಲೆಕ್ಕ ಮೂವತ್ತನ್ನು ದಾಟಿತ್ತು. ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ನೇತೃತ್ವದಲ್ಲಿ ವಿಚಾರಣಾ ಸಮಿತಿ ಕುಳಿತಿತು. ಸತ್ತವರನ್ನು ಎಣಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಮುಂದೆ ಪಂಜಾಬಿನಲ್ಲಿ, ಉತ್ತರ ಪ್ರದೇಶದಲ್ಲಿ ಮತ್ತೆ ಮತ್ತೆ ಏಳಲಿತ್ತು.

ಬಂಧನದ ದಿನಾಂಕ

ಸಂವಿಧಾನದ 22ನೇ ವಿಧಿ ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ. ನಿಯಮ ಗಟ್ಟಿಯಾಗಿಯೇ ಇದೆ. ಆದರೆ ಗಡಿಯಾರ ಓಡತೊಡಗುವುದು ಬಂಧನವನ್ನು ಪುಸ್ತಕದಲ್ಲಿ ನಮೂದಿಸಿದ ಮೇಲೆ. ನಮೂದಿಸದಿದ್ದರೆ ಆತ ಬಂಧಿತನೇ ಅಲ್ಲ, ಠಾಣೆಗೆ ಬಂದು ಕೂತಿರುವ ಅತಿಥಿ.

ತುರ್ತು ಪರಿಸ್ಥಿತಿಯಲ್ಲಿ ಇದು ನಗ್ನವಾಗಿ ಕಂಡಿತು. ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ಹೇಳಿಸಲು ಅವರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು 1976ರ ಮೇ 1ರಂದು ಬೆಂಗಳೂರಿನ ಮನೆಯಿಂದ ಪೊಲೀಸರು ಕರೆದೊಯ್ದರು. ದಿನಗಟ್ಟಲೆ ಹೊಡೆದರು. ಬಂಧನದ ದಾಖಲೆ ಹುಟ್ಟಿದ್ದು ಹೆಚ್ಚುಕಡಿಮೆ ಹತ್ತು ದಿನ ಕಳೆದ ಮೇಲೆ. ನಡುವಿನ ದಿನಗಳು ಸರ್ಕಾರದ ಕಡತದಲ್ಲಿ ಇರಲೇ ಇಲ್ಲ. ಅವು ಉಳಿದದ್ದು ಲಾರೆನ್ಸರ ಮೈಮೇಲೆ, ಮತ್ತು ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಬರೆದ ಪತ್ರದಲ್ಲಿ.

ಅದೇ ವರ್ಷ ಮಾರ್ಚ್ 1ರಂದು ಕೇರಳದ ಕಲ್ಲಿಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿ ರಾಜನ್‌ರನ್ನು ಹಾಸ್ಟೆಲಿನಿಂದ ಎಳೆದೊಯ್ದು ಕಕ್ಕಯಂ ಶಿಬಿರಕ್ಕೆ ಒಯ್ದರು. ಆತ ಮರಳಿ ಬರಲಿಲ್ಲ, ಶವವೂ ಸಿಗಲಿಲ್ಲ. ಹಿಂದಿ ಪ್ರಾಧ್ಯಾಪಕರಾಗಿದ್ದ ತಂದೆ ಈಚರ ವಾರಿಯರ್ ಕಚೇರಿಯಿಂದ ಕಚೇರಿಗೆ ಅಲೆದು, ತುರ್ತು ಪರಿಸ್ಥಿತಿ ತೆರವಾದ ಕೂಡಲೇ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಹಾಕಿದರು. ಆತನನ್ನು ಬಂಧಿಸಿಯೇ ಇಲ್ಲ ಎಂಬುದು ಸರ್ಕಾರದ ಉತ್ತರವಾಗಿತ್ತು. ನ್ಯಾಯಾಲಯ ಅದನ್ನು ನಂಬಲಿಲ್ಲ. 1977ರ ಏಪ್ರಿಲ್‌ನಲ್ಲಿ, ಅಧಿಕಾರಕ್ಕೆ ಬಂದು ಒಂದು ತಿಂಗಳಾಗಿದ್ದ ಮುಖ್ಯಮಂತ್ರಿ ಕೆ. ಕರುಣಾಕರನ್ ರಾಜೀನಾಮೆ ಕೊಟ್ಟರು. ಒಬ್ಬ ತಂದೆಯ ಅರ್ಜಿ ಒಂದು ಸರ್ಕಾರದ ಪ್ರಮಾಣಪತ್ರವನ್ನು ಸುಳ್ಳೆಂದು ತೋರಿಸಿಕೊಟ್ಟ ಅಪರೂಪದ ಪ್ರಕರಣ ಇದು.

ಈ ಅನುಭವದ ಬಿಸಿಯಲ್ಲಿ 1977ರ ನವೆಂಬರ್‌ನಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷ ಧರ್ಮವೀರ ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. 1981ರೊಳಗೆ ಎಂಟು ವರದಿಗಳು ಬಂದವು. ಬಂಧನಗಳಲ್ಲಿ ಸುಮಾರು ಶೇ. 60ರಷ್ಟು ಅನಗತ್ಯ ಅಥವಾ ಅಸಮರ್ಥನೀಯ ಎಂದು ಮೂರನೆಯ ವರದಿ ಹೇಳಿತು. ಲಾಕಪ್ ಸಾವು ಮತ್ತು ಅತ್ಯಾಚಾರಕ್ಕೆ ನ್ಯಾಯಾಂಗ ವಿಚಾರಣೆ ಕಡ್ಡಾಯವಾಗಲಿ ಎಂಬ ಅದರ ಸಲಹೆ ಕಾನೂನಾಗಲು 2005ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಬೀದಿಗಿಳಿದ ಸಿಟ್ಟು

1972ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ಪ್ರಕರಣ ‘ಮಥುರಾ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. 1978ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನೂ ಖುಲಾಸೆ ಮಾಡಿತು. ಹುಡುಗಿಯ ಮೈಮೇಲೆ ಗಾಯವಿಲ್ಲ, ಆಕೆ ಕೂಗಿಕೊಳ್ಳಲಿಲ್ಲ ಎಂಬುದು ಕಾರಣ. ರಾತ್ರಿ ಹೊತ್ತು ಠಾಣೆಯೊಳಗೆ ಕೂಗಿಕೊಂಡರೆ ಕೇಳಿ ಓಡಿಬರುವವರು ಯಾರು ಎಂದು ನ್ಯಾಯಪೀಠಕ್ಕೆ ಹೊಳೆಯಲಿಲ್ಲ. 1979ರ ಸೆಪ್ಟೆಂಬರ್‌ನಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಗಂವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಅದು ದೇಶದಾದ್ಯಂತ ಮಹಿಳಾ ಸಂಘಟನೆಗಳನ್ನು ಬೀದಿಗೆ ಕರೆತಂದಿತು. 1983ರ ತಿದ್ದುಪಡಿ ಕಸ್ಟಡಿಯಲ್ಲಿನ ಅತ್ಯಾಚಾರವನ್ನು ಪ್ರತ್ಯೇಕ ಅಪರಾಧವಾಗಿಸಿತು. ಇಂಥ ಪ್ರಕರಣದಲ್ಲಿ ಸಂಭೋಗ ಸಾಬೀತಾಗಿ, ಹೆಣ್ಣು ತಾನು ಒಪ್ಪಿರಲಿಲ್ಲ ಎಂದರೆ ನ್ಯಾಯಾಲಯ ಅದನ್ನು ನಿಜವೆಂದೇ ಭಾವಿಸಬೇಕು ಎಂಬ ನಿಯಮ ಬಂತು.

1978ರಲ್ಲಿ ಹೈದರಾಬಾದಿನ ನಲ್ಲಕುಂಟ ಠಾಣೆಯ ಅತ್ಯಾಚಾರ ಪ್ರಕರಣ ಇದಕ್ಕಿಂತ ಮೊದಲೇ ಬೀದಿಗಳಿಗೆ ಬೆಂಕಿ ಹಚ್ಚಿತ್ತು. ಅತ್ಯಾಚಾರಕ್ಕೊಳಗಾದ ಹೆಣ್ಣಿನ ಗಂಡ, ರಿಕ್ಷಾ ತುಳಿಯುತ್ತಿದ್ದಾತ, ಪೊಲೀಸರ ಏಟಿಗೆ ಸತ್ತಿದ್ದ. ನ್ಯಾಯಮೂರ್ತಿ ಮುಕ್ತದರ್ ಆಯೋಗ ಪೊಲೀಸರನ್ನು ತಪ್ಪಿತಸ್ಥರೆಂದಿತು. ಮೊಕದ್ದಮೆಯನ್ನು ಕರ್ನಾಟಕದ ರಾಯಚೂರಿಗೆ ವರ್ಗಾಯಿಸಿದರು. ಅಲ್ಲಿ ಆರೋಪಿಗಳು ಬಿಡುಗಡೆಯಾದರು.

ಒಬ್ಬ ತಾಯಿಯ ಪತ್ರವೂ ಕಾನೂನಾದದ್ದುಂಟು. ಒಡಿಶಾದ ಜರಾಯ್‌ಕೇಲಾ ಹೊರಠಾಣೆಗೆ 1987ರ ಡಿಸೆಂಬರ್ 1ರಂದು ಕರೆದೊಯ್ದಿದ್ದ ಇಪ್ಪತ್ತೆರಡರ ಮಗ ಮರುದಿನ ರೈಲು ಹಳಿಯ ಮೇಲೆ ಹೆಣವಾಗಿದ್ದ. ಬೆಳಗಿನ ಜಾವ ತಪ್ಪಿಸಿಕೊಂಡು ಓಡಿ ರೈಲಿಗೆ ಸಿಕ್ಕ ಎಂದಿತು ಪೊಲೀಸರ ಕಥೆ. ತಾಯಿ ನೀಲಾಬತಿ ಬೆಹೆರಾ ಸುಪ್ರೀಂ ಕೋರ್ಟಿಗೆ ಕಾಗದ ಬರೆದರು. ಗಾಯಗಳು ರೈಲಿನವಲ್ಲ, ಹೊಡೆತದವು ಎಂದು ವೈದ್ಯಕೀಯ ಸಾಕ್ಷ್ಯ ಹೇಳಿತು. 1993ರಲ್ಲಿ ನ್ಯಾಯಾಲಯ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಮೂಲಭೂತ ಹಕ್ಕು ಮುರಿದಾಗ ‘ಸರ್ಕಾರದ ಮೇಲೆ ದಾವೆ ನಡೆಯದು’ ಎಂಬ ಹಳೆಯ ವಾದಕ್ಕೆ ಜಾಗವಿಲ್ಲ ಎಂದಿತು. ಆದರೆ ಪರಿಹಾರ ಕೊಡುವುದು ಖಜಾನೆಯಿಂದ. ಹೊಡೆದವನ ಜೇಬಿಗೆ ಅದು ತಟ್ಟುವುದು ಅಪರೂಪ.

ಡಿ.ಕೆ. ಬಸು ಪ್ರಕರಣವೂ ಒಂದು ಪತ್ರದಿಂದಲೇ ಹುಟ್ಟಿತು. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಮುಖ್ಯಸ್ಥರಾಗಿದ್ದ ಬಸು 1986ರ ಆಗಸ್ಟ್‌ನಲ್ಲಿ ಪತ್ರಿಕಾ ವರದಿಗಳನ್ನು ಲಗತ್ತಿಸಿ ಬರೆದದ್ದಕ್ಕೆ ತೀರ್ಪು ಬಂದದ್ದು 1996ರ ಡಿಸೆಂಬರ್ 18ರಂದು. ಹನ್ನೊಂದು ನಿಯಮಗಳಲ್ಲಿ ಮುಖ್ಯವಾದದ್ದು ಅರೆಸ್ಟ್ ಮೆಮೊ. ಒಂದು ಹಾಳೆಯ ಕಾಗದ ಅದು. ಬಂಧಿಸಿದ ದಿನ, ಹೊತ್ತು ಅದರಲ್ಲಿರಬೇಕು. ಮನೆಯವರೊಬ್ಬರೋ ಆ ಬಡಾವಣೆಯ ಗೌರವಸ್ಥರೊಬ್ಬರೋ ಸಾಕ್ಷಿ ಹಾಕಬೇಕು, ಬಂಧಿತನೂ ಸಹಿ ಮಾಡಬೇಕು. ಬಂಧಿತ ಕೇಳಿದರೆ ಮೈಮೇಲಿನ ಗಾಯಗಳನ್ನು ಆಗಲೇ ಪರಿಶೀಲಿಸಿ ಬರೆದಿಡಬೇಕು. ಪ್ರತಿ 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. ಬಂಧಿಸುವವರ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು. ಪುಸ್ತಕ ಬರೆಯುವಲ್ಲಿ ಹೊರಗಿನವರ ಸಹಿ ಬೇಕೆಂದು ಇಷ್ಟು ವಿವರವಾಗಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ಮೊದಲು. ನಿಯಮಗಳನ್ನು ಠಾಣೆಗಳ ಗೋಡೆಯ ಮೇಲೆ ಬರೆಸಿದರು. ಗೋಡೆಯ ಪಕ್ಕದ ಕೋಣೆಯಲ್ಲಿ ಮೆಮೊ ಇಲ್ಲದೆ ಕೂತಿರುವವರು ಅದನ್ನು ಓದಿಕೊಳ್ಳಬಹುದು.

ಸೌದೆಯ ಲೆಕ್ಕ, ಬೆಟಾಲಿಯನ್ನಿನ ಡೈರಿ

ಪೊಲೀಸರ ಪುಸ್ತಕ ಸುಳ್ಳು ಹೇಳಿದಾಗ ಬೇರೆ ಇಲಾಖೆಯ ಪುಸ್ತಕ ನಿಜ ಹೇಳಿದ ಪ್ರಸಂಗ ಪಂಜಾಬಿನದು. ಅಮೃತಸರದಲ್ಲಿ ಸಹಕಾರಿ ಬ್ಯಾಂಕಿನ ನಿರ್ದೇಶಕರಾಗಿದ್ದ ಜಸ್ವಂತ್ ಸಿಂಗ್ ಖಾಲ್ರಾ, ಕಾಣೆಯಾದ ಪರಿಚಿತರನ್ನು ಹುಡುಕುತ್ತ ಸ್ಮಶಾನಕ್ಕೆ ಹೋದರು. ಉಗ್ರವಾದದ ವರ್ಷಗಳಲ್ಲಿ ಪೊಲೀಸರು ‘ವಾರಸುದಾರರಿಲ್ಲದ’ ಶವಗಳೆಂದು ತಂದು ಸುಟ್ಟವುಗಳ ಲೆಕ್ಕ ಸ್ಮಶಾನದ ರಿಜಿಸ್ಟರಿನಲ್ಲಿತ್ತು. ಸೌದೆ ಖರೀದಿಯ ಲೆಕ್ಕ ಇಡಲೇಬೇಕಲ್ಲ, ದುಡ್ಡಿನ ವ್ಯವಹಾರ. ಹೆಣದ ಲೆಕ್ಕ ಮರೆಸಿದವರು ಸೌದೆಯ ಲೆಕ್ಕ ಮರೆಸುವುದನ್ನು ಮರೆತಿದ್ದರು. ಖಾಲ್ರಾ ಅದನ್ನು ಬಹಿರಂಗ ಮಾಡಿದರು. 1995ರ ಸೆಪ್ಟೆಂಬರ್ 6ರಂದು ಮನೆಯ ಮುಂದಿನಿಂದಲೇ ಅವರ ಅಪಹರಣವಾಯಿತು, ನಂತರ ಕೊಲೆ. ಸುಪ್ರೀಂ ಕೋರ್ಟಿನ ಆದೇಶದಂತೆ ತನಿಖೆ ಮಾಡಿದ ಸಿಬಿಐ ಆಗಿನ ಅಮೃತಸರ ಜಿಲ್ಲೆಯ ಮೂರು ಸ್ಮಶಾನಗಳಲ್ಲೇ ಇಂಥ 2,097 ದಹನಗಳನ್ನು ಗುರುತಿಸಿತು. ಖಾಲ್ರಾ ಕೊಲೆಗೆ 2005ರಲ್ಲಿ ಪೊಲೀಸರಿಗೆ ಶಿಕ್ಷೆಯಾಗಿ, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಮೀರತ್‌ನ ಹಾಶಿಂಪುರದ ಕಥೆಯೂ ಒಂದು ಡೈರಿಯ ಮೇಲೆ ನಿಂತಿದೆ. 1987ರ ಮೇ 22ರ ರಾತ್ರಿ ಉತ್ತರ ಪ್ರದೇಶದ ಸಶಸ್ತ್ರ ಮೀಸಲು ಪಡೆ ಪಿಎಸಿಯ ಜವಾನರು ಸುಮಾರು ನಲವತ್ತು ಮುಸ್ಲಿಂ ಪುರುಷರನ್ನು ಲಾರಿಯಲ್ಲಿ ಒಯ್ದು ಗುಂಡಿಕ್ಕಿ ಕಾಲುವೆಗೆ ಎಸೆದರು. ಬದುಕಿ ಉಳಿದ ಕೆಲವರು ಹೇಳಿದ್ದನ್ನು ಕೇಳಿ ಎಫ್‌ಐಆರ್ ದಾಖಲಾಗುವಂತೆ ಮಾಡಿದವರು ಆಗ ಗಾಜಿಯಾಬಾದಿನ ಎಸ್‌ಪಿಯಾಗಿದ್ದ ವಿಭೂತಿ ನಾರಾಯಣ ರಾಯ್. ಪೊಲೀಸರ ವಿರುದ್ಧ ಪೊಲೀಸರೇ ದೂರು ಬರೆಯುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಇದು ನಿದರ್ಶನ. ಆದರೂ 2015ರಲ್ಲಿ ವಿಚಾರಣಾ ನ್ಯಾಯಾಲಯ ಆ ಲಾರಿಯಲ್ಲಿದ್ದವರು ಇವರೇ ಎಂಬುದಕ್ಕೆ ಪುರಾವೆ ಸಾಲದು ಎಂದು ಹದಿನಾರೂ ಮಂದಿಯನ್ನು ಬಿಟ್ಟಿತು. ಮೇಲ್ಮನವಿಯ ಹಂತದಲ್ಲಿ, ಆ ದಿನ ಯಾರು ಕರ್ತವ್ಯದಲ್ಲಿದ್ದರು ಎಂದು ತೋರಿಸುವ ಬೆಟಾಲಿಯನ್ನಿನ ಜನರಲ್ ಡೈರಿ ಹೊರಬಂತು. 2018ರ ಅಕ್ಟೋಬರ್ 31ರಂದು ದೆಹಲಿ ಹೈಕೋರ್ಟ್ ಹದಿನಾರು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೂವತ್ತೊಂದು ವರ್ಷ ಬೇಕಾಯಿತು.

ಅನುಮತಿ ಎಂಬ ಕೋಟೆ

ಇಷ್ಟು ತಡವೇಕೆ? ಲಾಕಪ್ ಸಾವಿಗೆ ಸಾಕ್ಷಿಗಳು ಯಾರು ಎಂದು ಯೋಚಿಸಿದರೆ ಅರ್ಧ ಉತ್ತರ ಸಿಗುತ್ತದೆ. ಸಹೋದ್ಯೋಗಿ ಪೊಲೀಸರು, ಇಲ್ಲವೇ ಪಕ್ಕದ ಸೆಲ್ಲಿನ ಆರೋಪಿ. ಆದ್ದರಿಂದ ಕಸ್ಟಡಿಯಲ್ಲಿ ಗಾಯವಾದರೆ ಹೊಡೆದವರು ಪೊಲೀಸರೇ ಎಂದು ನ್ಯಾಯಾಲಯ ಭಾವಿಸುವಂತಾಗಲಿ ಎಂದು ಕಾನೂನು ಆಯೋಗ 1985ರಲ್ಲೇ ತನ್ನ 113ನೇ ವರದಿಯಲ್ಲಿ ಕೇಳಿತು. ಅದು ಇಂದಿಗೂ ಕಾನೂನಾಗಿಲ್ಲ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿದೆ, ಅನುಮೋದಿಸಿಲ್ಲ. 2010ರ ಚಿತ್ರಹಿಂಸೆ ತಡೆ ಮಸೂದೆ ಲೋಕಸಭೆ ದಾಟಿ ರಾಜ್ಯಸಭೆಯಲ್ಲಿ ನಿಂತುಹೋಯಿತು.

ಇನ್ನರ್ಧ ಉತ್ತರ ಮೊಕದ್ದಮೆಗೆ ಬೇಕಾದ ಸರ್ಕಾರದ ಪೂರ್ವಾನುಮತಿಯಲ್ಲಿದೆ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಕರ್ತವ್ಯದ ನೆಪದಲ್ಲಿ ಮಾಡಿದ ಕೃತ್ಯಕ್ಕೂ ಈ ರಕ್ಷಣೆಯನ್ನು ಚಾಚುತ್ತದೆ. 2020ರ ಜೂನ್‌ನಲ್ಲಿ ಬೆಂಗಳೂರಿನದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕರ್ತವ್ಯಕ್ಕೆ ಸಂಬಂಧ ಇರುವವರೆಗೆ ಮಿತಿಮೀರಿದ ಕೃತ್ಯಕ್ಕೂ ಅನುಮತಿ ಬೇಕು ಎಂದು ಹೇಳಿ ಖಾಸಗಿ ದೂರನ್ನು ರದ್ದು ಮಾಡಿತು. ಹೊಡೆಯುವುದು ಕರ್ತವ್ಯವಲ್ಲ ಎಂದು ವಾದಿಸುವ ವಕೀಲರಿಗೆ ಅಂದಿನಿಂದ ಕೆಲಸ ಇನ್ನಷ್ಟು ಕಷ್ಟವಾಗಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆ 120 ದಿನದಲ್ಲಿ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ ಎಂದಿರುವುದು ಸಣ್ಣ ಸಮಾಧಾನ.

ಫಲಿತಾಂಶ ಅಂಕಿಯಲ್ಲಿದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2001ರಿಂದ 2020ರವರೆಗೆ ಪೊಲೀಸ್ ಕಸ್ಟಡಿಯಲ್ಲಿ 1,888 ಸಾವು. ಈ ಅವಧಿಯಲ್ಲಿ ಶಿಕ್ಷೆಯಾದ ಪೊಲೀಸರು 26. ಈ ಎಣಿಕೆಯೂ ಪೊಲೀಸರೇ ಕೊಟ್ಟದ್ದೆಂಬುದನ್ನು ನೆನಪಿಡಬೇಕು. ಬ್ಯೂರೋ 2021ಕ್ಕೆ 88 ಸಾವು ಎಂದರೆ, 24 ಗಂಟೆಯೊಳಗೆ ವರದಿ ತರಿಸಿಕೊಳ್ಳುವ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2021–22ರ ಲೆಕ್ಕ 175. ಎರಡರ ವರ್ಷದ ಗಡಿ ಬೇರೆ, ವ್ಯಾಖ್ಯೆ ಬೇರೆ. ಆದರೂ ಅಂತರ ದುಪ್ಪಟ್ಟು.

ಪ್ರಕಾಶ್ ಸಿಂಗ್ ಪ್ರಕರಣ ಮತ್ತು ದೂರು ಪ್ರಾಧಿಕಾರ

ಉತ್ತರ ಪ್ರದೇಶದ ಡಿಜಿಪಿಯೂ ಗಡಿ ಭದ್ರತಾ ಪಡೆಯ ಮಹಾನಿರ್ದೇಶಕರೂ ಆಗಿದ್ದ ಪ್ರಕಾಶ್ ಸಿಂಗ್ ನಿವೃತ್ತಿಯ ನಂತರ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2006ರ ಸೆಪ್ಟೆಂಬರ್ 22ರ ತೀರ್ಪು ಏಳು ನಿರ್ದೇಶನಗಳನ್ನು ಕೊಟ್ಟಿತು. ಅವುಗಳಲ್ಲಿ ಹೆಚ್ಚಿನವು ಪೊಲೀಸರನ್ನು ರಾಜಕಾರಣಿಗಳಿಂದ ಕಾಪಾಡುವಂಥವು: ರಾಜ್ಯ ಭದ್ರತಾ ಆಯೋಗ, ಅಧಿಕಾರಿಗಳಿಗೆ ಎರಡು ವರ್ಷದ ಖಚಿತ ಅವಧಿ, ವರ್ಗಾವಣೆಗೆ ಪ್ರತ್ಯೇಕ ಮಂಡಳಿ, ತನಿಖೆ ಮತ್ತು ಬಂದೋಬಸ್ತಿನ ವಿಂಗಡಣೆ. ಜನರನ್ನು ಪೊಲೀಸರಿಂದ ಕಾಪಾಡುವ ನಿರ್ದೇಶನ ಒಂದೇ, ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರ. ಸ್ವಾಯತ್ತತೆ ಮತ್ತು ಉತ್ತರದಾಯಿತ್ವ ಜೋಡೆತ್ತಿನಂತೆ ಸಾಗಬೇಕೆಂಬುದು ತೀರ್ಪಿನ ಆಶಯ. ರಾಜ್ಯಗಳು ಎರಡೂ ಎತ್ತುಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿದವು. ಹಲವು ಕಡೆ ಪ್ರಾಧಿಕಾರ ಕಾಗದದ ಮೇಲಿದೆ. ಇರುವ ಕಡೆಯೂ ಸ್ವಂತ ತನಿಖಾಧಿಕಾರಿಗಳಿಲ್ಲದೆ, ದೂರನ್ನು ವರದಿಗಾಗಿ ಪೊಲೀಸರಿಗೇ ಕಳಿಸುವುದು ರೂಢಿ.

ಇಲ್ಲೊಂದು ವಿಚಿತ್ರ ಹೋಲಿಕೆಯಿದೆ. ನಮ್ಮ 1861ರ ಕಾಯ್ದೆ ಯಾವ ಐರಿಷ್ ಪಡೆಯ ಅಚ್ಚಿನಲ್ಲಿ ಎರಕಗೊಂಡಿತೋ ಅದರ ಉತ್ತರಾಧಿಕಾರಿಯಾದ ಉತ್ತರ ಐರ್ಲೆಂಡಿನ ಪೊಲೀಸರ ಮೇಲೆ 2000ದಲ್ಲಿ ಸ್ವತಂತ್ರ ಪೊಲೀಸ್ ಓಂಬುಡ್ಸ್‌ಮನ್ ಬಂತು. ತನ್ನದೇ ತನಿಖಾಧಿಕಾರಿಗಳನ್ನು ಇಟ್ಟುಕೊಂಡು ಪೊಲೀಸರ ಮೇಲಿನ ದೂರುಗಳನ್ನು ಅದೇ ವಿಚಾರಿಸುತ್ತದೆ. ಅಚ್ಚು ಹುಟ್ಟಿದ ನೆಲದಲ್ಲಿ ಅದನ್ನು ಒಡೆದಾಗಿದೆ.

ಕರ್ನಾಟಕ

ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಭದ್ರತಾ ಆಯೋಗ, ಸಿಬ್ಬಂದಿ ಮಂಡಳಿ, ದೂರು ಪ್ರಾಧಿಕಾರಗಳಿಗೆ ಜಾಗ ಮಾಡಿಕೊಟ್ಟಿತು. ಠಾಣಾಧಿಕಾರಿಗಳ ಕನಿಷ್ಠ ಅವಧಿಯನ್ನು ಮಾತ್ರ ಒಂದೇ ವರ್ಷಕ್ಕೆ ಇಳಿಸಿಕೊಂಡಿತ್ತು. 2024ರಲ್ಲಿ ಅದನ್ನು ಎರಡಕ್ಕೆ ಏರಿಸುವ ಮಸೂದೆ ಬಂತು. ಠಾಣೆಯ ಲಂಚಕ್ಕೆ ಜನ ಮೊರೆಹೋಗುವುದು 1984ರ ಕಾಯ್ದೆಯಡಿ ಬಂದ ಲೋಕಾಯುಕ್ತಕ್ಕೆ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಕಟ್ಟಿ ಅದರ ಹಲ್ಲು ಕಿತ್ತದ್ದು, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿ ಹಲ್ಲನ್ನು ಮರಳಿಸಿದ್ದು ಇತ್ತೀಚಿನ ಇತಿಹಾಸ.

ರಾಜ್ಯದ ನೆನಪಿನಲ್ಲಿ ಆಳವಾಗಿ ಉಳಿದ ಗಾಯ ಮಲೆ ಮಹದೇಶ್ವರ ಬೆಟ್ಟದ್ದು. ಕಾಡುಗಳ್ಳ ವೀರಪ್ಪನ್ ಬೇಟೆಗೆಂದು ಕರ್ನಾಟಕ ಮತ್ತು ತಮಿಳುನಾಡು ನಿಯೋಜಿಸಿದ ವಿಶೇಷ ಕಾರ್ಯಪಡೆಗಳು ಕಾಡಂಚಿನ ಹಳ್ಳಿಗರನ್ನು ಹಿಡಿದು ಹಿಂಸಿಸುತ್ತಿದ್ದ ಜಾಗವನ್ನು ಜನ ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದರು. ಕೆಲವರಿಗೆ ಪೊಲೀಸರ ಭಯ, ಕೆಲವರಿಗೆ ವೀರಪ್ಪನ್ ಭಯ, ಬಹಳ ಮಂದಿಗೆ ಎರಡೂ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಊರೂರಿಗೆ ಹೋಗಿ ಅಹವಾಲು ಕೇಳಿತು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಪಡೆಯವರಿಗೆ ಬಡ್ತಿ, ಬಹುಮಾನ, ನಿವೇಶನಗಳು ಅದಕ್ಕೆ ಮೊದಲೇ ಘೋಷಣೆಯಾಗಿದ್ದವು.

ಇಂದು ಲಾಕಪ್ ಸಾವಾದರೆ ರಾಜ್ಯದಲ್ಲಿ ನಡೆಯುವುದು ಬಹುತೇಕ ಒಂದೇ ಕ್ರಮದಲ್ಲಿ. ಸಂಬಂಧಿಕರು ಠಾಣೆ ಮುಂದೆ ಧರಣಿ ಕೂರುತ್ತಾರೆ, ಶವ ಎತ್ತಲು ಬಿಡುವುದಿಲ್ಲ, ಶಾಸಕರು ಬರುತ್ತಾರೆ, ಸಂಜೆಗೆ ಅಮಾನತು, ಮರುದಿನ ಸಿಐಡಿಗೆ. 2024ರ ಮೇ 24ರಂದು ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ ಮಟ್ಕಾ ಆರೋಪದ ಮೇಲೆ ಕರೆತಂದ ವ್ಯಕ್ತಿ ಸತ್ತಾಗ ಜನ ಠಾಣೆಗೇ ನುಗ್ಗಿ ವಾಹನಗಳನ್ನು ಜಖಂ ಮಾಡಿದರು, ಪೊಲೀಸರೂ ಗಾಯಗೊಂಡರು. ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಅಮಾನತಾದರು. ಅಮಾನತಾಗಲಿ ಎತ್ತಂಗಡಿಯಾಗಲಿ ಶಿಕ್ಷೆ ಅಲ್ಲವೆಂದು ಸೇವಾ ನಿಯಮವೇ ಹೇಳುತ್ತದೆ. ಆದರೂ ಜನ ಕೇಳುವುದು ಅದನ್ನೇ, ಸಿಗುವುದೂ ಅದೇ. ಒಂದೂರಿಗೆ ಬೇಡವಾದ ಅಧಿಕಾರಿ ಇನ್ನೊಂದೂರಿಗೆ ಏಕೆ ಬೇಕೆಂದು ಯಾರೂ ಕೇಳುವುದಿಲ್ಲ.

ಪೇದೆಗಳ ಬದುಕನ್ನೂ ಇಲ್ಲಿ ಹೇಳಬೇಕು. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಕರ್ನಾಟಕದ ಸಾವಿರಾರು ಪೇದೆಗಳು ಸಿದ್ಧರಾಗಿದ್ದರು. ರಜೆ, ಸಂಬಳ, ಅಧಿಕಾರಿಗಳ ಮನೆಯ ಆರ್ಡರ್ಲಿ ಚಾಕರಿ ಅವರ ಅಹವಾಲುಗಳಾಗಿದ್ದವು. ಸರ್ಕಾರ ಸಂಘಟಕರನ್ನು ಬಂಧಿಸಿ, ದೇಶದ್ರೋಹದ ಕಲಂ ಹಾಕಿತು.

ಚಪ್ಪಾಳೆ ಮತ್ತು ಹೂಮಳೆ

ಉತ್ತರದಾಯಿತ್ವ ಕೇಳುವ ಜನರೇ ದೌರ್ಜನ್ಯಕ್ಕೆ ಚಪ್ಪಾಳೆ ತಟ್ಟಿದ್ದೂ ಇದೆ. 1979–80ರಲ್ಲಿ ಬಿಹಾರದ ಭಾಗಲ್ಪುರದಲ್ಲಿ ಪೊಲೀಸರು ಮೂವತ್ತಕ್ಕೂ ಹೆಚ್ಚು ಆರೋಪಿಗಳ ಕಣ್ಣು ಚುಚ್ಚಿ ಆಸಿಡ್ ಹಾಕಿದ್ದನ್ನು ಪತ್ರಿಕೆ ಬಯಲಿಗೆಳೆದಾಗ ಊರಿನವರು ಮೆರವಣಿಗೆ ತೆಗೆದದ್ದು ಪೊಲೀಸರ ಪರವಾಗಿ. ಆ ಆಸಿಡ್‌ಗೆ ‘ಗಂಗಾಜಲ’ ಎಂಬ ಹೆಸರೂ ಇತ್ತು. 2019ರ ಡಿಸೆಂಬರ್ 6ರಂದು ಹೈದರಾಬಾದಿನ ಅತ್ಯಾಚಾರ ಪ್ರಕರಣದ ನಾಲ್ವರು ಆರೋಪಿಗಳು ಎನ್‌ಕೌಂಟರಿನಲ್ಲಿ ಸತ್ತಾಗ ಸೇತುವೆಯ ಮೇಲಿಂದ ಪೊಲೀಸರ ಮೇಲೆ ಹೂ ಸುರಿಯಿತು. ಆಗಿನ ಸೈಬರಾಬಾದ್ ಕಮಿಷನರ್ ಹುಬ್ಬಳ್ಳಿ ಮೂಲದವರಾದ್ದರಿಂದ ಕನ್ನಡ ವಾಹಿನಿಗಳಿಗೂ ಸಂಭ್ರಮ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್‌ಕರ್ ಆಯೋಗ ಪೊಲೀಸರ ಕಥೆಯನ್ನು ನಂಬಲಿಲ್ಲ. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಪೊಲೀಸರನ್ನು ವಿಚಾರಣೆಗೆ ಒಳಪಡಿಸಬೇಕು ಎಂಬ ಅದರ ವರದಿ 2022ರ ಮೇ ತಿಂಗಳಲ್ಲಿ ಹೊರಬಂದಾಗ ಹೂವಿನ ಸುದ್ದಿಯಷ್ಟು ಜಾಗ ಅದಕ್ಕೆ ಪತ್ರಿಕೆಗಳಲ್ಲಿ ಸಿಗಲಿಲ್ಲ. ಕೋರ್ಟಿನ ಕೇಸು ಇಪ್ಪತ್ತು ವರ್ಷ ಎಳೆಯುವ ನಾಡಿನಲ್ಲಿ ಈ ಚಪ್ಪಾಳೆಯ ಕಾರಣ ಊಹಿಸುವುದು ಕಷ್ಟವಲ್ಲ. ಆದರೆ ಆ ಬಂದೂಕು ಮುಂದಿನ ಸಲ ಯಾರತ್ತ ತಿರುಗುತ್ತದೆಂಬ ತೀರ್ಮಾನ ಚಪ್ಪಾಳೆ ತಟ್ಟುವವರ ಕೈಯಲ್ಲಿ ಇರುವುದಿಲ್ಲ.

ಕ್ಯಾಮೆರಾ

2020ರ ಜೂನ್ 19ರಂದು ತಮಿಳುನಾಡಿನ ಸಾತಾನ್‌ಕುಳಂನಲ್ಲಿ, ಲಾಕ್‌ಡೌನ್ ಹೊತ್ತು ಮೀರಿ ಮೊಬೈಲ್ ಅಂಗಡಿ ತೆರೆದಿದ್ದರೆಂಬ ಕಾರಣಕ್ಕೆ ತಂದೆ ಮತ್ತು ಮಗನನ್ನು ಠಾಣೆಯಲ್ಲಿ ಹಿಡಿದಿಟ್ಟರು. ಬಂಧನಕ್ಕೆ ಬೇಕಾದ ಕಾಗದಗಳು ಇಲ್ಲಿ ತಯಾರಾದವು: ಎಫ್‌ಐಆರ್ ಇತ್ತು, ವೈದ್ಯರು ಜೈಲಿಗೆ ಕಳಿಸಬಹುದು ಎಂದು ಪ್ರಮಾಣಪತ್ರ ಕೊಟ್ಟರು, ಮ್ಯಾಜಿಸ್ಟ್ರೇಟರು ರಿಮ್ಯಾಂಡ್ ಮಾಡಿದರು. ಜೂನ್ 22ರ ರಾತ್ರಿ ಮಗ, 23ರ ಬೆಳಗ್ಗೆ ತಂದೆ ಸತ್ತರು. ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಕಳಿಸಿದ ನ್ಯಾಯಾಂಗ ಮ್ಯಾಜಿಸ್ಟ್ರೇಟರು ಠಾಣೆಗೆ ಹೋದಾಗ ಅಲ್ಲಿನವರು ಅವರಿಗೇ ಅಡ್ಡಿಪಡಿಸಿದರು. ಸಿಸಿಟಿವಿಯ ಹಾರ್ಡ್ ಡಿಸ್ಕಿನಲ್ಲಿ ಒಂದು ಟೆರಾಬೈಟ್ ಜಾಗವಿದ್ದರೂ ದೃಶ್ಯ ದಿನದಿನವೂ ತಾನಾಗಿ ಅಳಿಸಿಹೋಗುವಂತೆ ಹೊಂದಿಸಿಟ್ಟಿದ್ದರು. ಕ್ಯಾಮೆರಾ ಇತ್ತು, ನೆನಪು ಇರಲಿಲ್ಲ. ನೆನಪಿಟ್ಟುಕೊಂಡವರು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್. ರಾತ್ರಿಯಿಡೀ ಹೊಡೆದರು, ಲಾಠಿಗಳ ಮೇಲೂ ಮೇಜಿನ ಮೇಲೂ ರಕ್ತದ ಕಲೆ ಇತ್ತು ಎಂದು ಹೆದರುತ್ತಲೇ ಹೇಳಿಕೆ ಕೊಟ್ಟರು. ಪುರಾವೆ ಅಳಿಸದಿರಲೆಂದು ಹೈಕೋರ್ಟ್ ಠಾಣೆಯನ್ನೇ ಕಂದಾಯ ಇಲಾಖೆಯ ವಶಕ್ಕೆ ಕೊಡಿಸಿತು. 1855ರ ಮದರಾಸ್ ವರದಿ ಪೊಲೀಸ್ ಕೆಲಸವನ್ನು ಯಾವ ಇಲಾಖೆಯ ಕೈಯಿಂದ ಬಿಡಿಸಬೇಕೆಂದಿತ್ತೋ ಅದೇ ಇಲಾಖೆ ಈಗ ಠಾಣೆಗೆ ಕಾವಲು ಕೂತಿತು. ಸಿಬಿಐ ಒಂಬತ್ತು ಪೊಲೀಸರ ಮೇಲೆ ಕೊಲೆಯ ಚಾರ್ಜ್‌ಶೀಟ್ ಹಾಕಿತು.

ಆರು ತಿಂಗಳೊಳಗೆ, 2020ರ ಡಿಸೆಂಬರ್ 2ರಂದು, ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಗೂ ಕ್ಯಾಮೆರಾ ಕಡ್ಡಾಯ ಮಾಡಿತು. ಬಾಗಿಲು, ಲಾಕಪ್, ಮೊಗಸಾಲೆ, ಇನ್‌ಸ್ಪೆಕ್ಟರ್ ಕೋಣೆ, ಶೌಚಾಲಯದ ಹೊರಗೆ, ಹಿತ್ತಲು ಎಂದು ಜಾಗಗಳನ್ನು ಹೆಸರಿಸಿತು. ರಾತ್ರಿಯೂ ಕಾಣಬೇಕು, ಮಾತೂ ಕೇಳಬೇಕು, ದೃಶ್ಯ 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಯಬೇಕು ಎಂದಿತು. ಆದರೆ ಕ್ಯಾಮೆರಾ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವ ಹೊಣೆ ಬಿದ್ದದ್ದು ಠಾಣಾಧಿಕಾರಿಯ ಮೇಲೆ. ರಾಜಸ್ಥಾನದಲ್ಲಿ ಕೆಲವೇ ತಿಂಗಳಲ್ಲಿ ಹನ್ನೊಂದು ಕಸ್ಟಡಿ ಸಾವುಗಳಾದವೆಂಬ ಪತ್ರಿಕಾ ವರದಿಯನ್ನು ಓದಿ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಈ ವಿಷಯವನ್ನು ಮತ್ತೆ ಕೈಗೆತ್ತಿಕೊಂಡಿತು. ಠಾಣೆಗಳ ದೃಶ್ಯವೆಲ್ಲ ಹೊರಗಿನ ಒಂದು ನಿಯಂತ್ರಣ ಕೊಠಡಿಗೆ ಹೋಗಬೇಕು, ಯಾವುದಾದರೂ ಕ್ಯಾಮೆರಾ ಕಣ್ಣು ಮುಚ್ಚಿದರೆ ಮನುಷ್ಯರ ಕೈಯಿಲ್ಲದೆ ತಕ್ಷಣ ಗೊತ್ತಾಗಬೇಕು, ಇದಕ್ಕೆ ಐಐಟಿಯಂಥ ಸಂಸ್ಥೆಯ ನೆರವು ಪಡೆಯಬಹುದೇ ಎಂದು ನ್ಯಾಯಪೀಠ ವಿಚಾರಣೆಯ ವೇಳೆ ಕೇಳಿತು.